ಮಗು ಜತೆ ಫಾರಿನ್ ಟೂರ್‌: ಟಿಕೆಟ್‌ಗೂ ಮೊದಲು ಈ ಲೆಕ್ಕ ಹಾಕಿ

ಗದಗ: ರಜೆಯಲ್ಲಿ ಮಕ್ಕಳನ್ನು ಕರ್ಕೊಂಡು ಎರಡ್ಮೂರು ವಾರ ವಿದೇಶಕ್ಕೆ ಹೋಗಬೇಕು ಅಂದ್ರೆ ಬಹುತೇಕರು ಮೊದಲು ನೋಡೋದು ವಿಮಾನದ ರೇಟು. ಆದರೆ ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಅಂಗಡಿಕಾರರ ಬಜೆಟ್ ತಪ್ಪೋದು ಹೆಚ್ಚಾಗಿ ಬೇರೆ ಎರಡು ಕಡೆ. ಒಂದು ಮಗುವಿನ ಕಾಗದಪತ್ರ, ಇನ್ನೊಂದು ಬಾಗಿಲು ಹಾಕಿದ ಅಂಗಡಿ.

ಮೊದಲು ಜನನ ಪ್ರಮಾಣಪತ್ರ

ಕೈಗೂಸಿಗೂ ಪ್ರತ್ಯೇಕ ಪಾಸ್‌ಪೋರ್ಟ್ ಕಡ್ಡಾಯ. 2023ರ ಅಕ್ಟೋಬರ್ 1 ಮತ್ತು ಆ ನಂತರ ಹುಟ್ಟಿದವರಿಗೆ ಜನ್ಮದಿನಾಂಕದ ದಾಖಲೆಯಾಗಿ ಜನನ ಪ್ರಮಾಣಪತ್ರ ಮಾತ್ರ ನಡೆಯುತ್ತೆ. ಅದರಲ್ಲಿ ಮಗುವಿನ ಹೆಸರು ಸೇರಿಸಿಲ್ಲ ಅಥವಾ ತಂದೆ-ತಾಯಿ ಹೆಸರಿನ ಸ್ಪೆಲ್ಲಿಂಗ್ ಆಧಾರ್‌ಗೆ ತಾಳೆ ಆಗಲ್ಲ ಅಂದ್ರೆ, ಜನನ ನೋಂದಣಿ ಆದ ಕಚೇರಿಯಲ್ಲೇ ಮೊದಲು ಸರಿಪಡಿಸಿಕೊಳ್ಳಿ. ಆಮೇಲೆ ಹುಬ್ಬಳ್ಳಿ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಹೋಗಿ. 4 ವರ್ಷದೊಳಗಿನ ಮಗುವಿದ್ದರೆ ಬಿಳಿ ಹಿನ್ನೆಲೆಯ ಫೋಟೋ ನೀವೇ ಒಯ್ಯಬೇಕು.

36 ಪುಟದ ಪಾಸ್‌ಪೋರ್ಟ್‌ಗೆ ದೊಡ್ಡವರಿಗೆ ₹1,500, ಮಕ್ಕಳಿಗೆ ₹1,000. ಹೊಸದಾಗಿ ಮಾಡಿಸುವ 8 ವರ್ಷದೊಳಗಿನವರಿಗೆ ಶೇ 10 ರಿಯಾಯಿತಿ. ಗಂಡ, ಹೆಂಡತಿ, 5 ವರ್ಷದ ಮಗು ಸೇರಿ ₹3,900 ಆಗುತ್ತೆ.

ವಿಮಾನದಲ್ಲಿ 2 ವರ್ಷದೊಳಗಿನ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡರೆ ಖರ್ಚು ಕಡಿಮೆ. ಪ್ರವಾಸದ ನಡುವೆ ಮಗುವಿಗೆ 2 ತುಂಬಿದರೆ ವಾಪಸ್ ಬರುವಾಗ ಬೇರೆ ಸೀಟು ಬೇಕು.

ದೇಶ ನೋಡಿ ಬಜೆಟ್

ನೇಪಾಳ, ಭೂತಾನ್‌ಗೆ ಭಾರತೀಯರಿಗೆ ವೀಸಾ ಬೇಡ. ಮಲೇಷ್ಯಾದಲ್ಲಿ 30 ದಿನದವರೆಗೆ ವೀಸಾ ಇಲ್ಲದೆ ಇರಬಹುದು, ಈ ಸೌಲಭ್ಯ 2026ರ ಡಿಸೆಂಬರ್ 31ರವರೆಗೆ. ಯುರೋಪಿನ ಷೆಂಗೆನ್ ವೀಸಾಕ್ಕೆ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನವರಿಗೆ 45 ಯೂರೋ, 6ರೊಳಗಿನವರಿಗೆ ಉಚಿತ. ಜತೆಗೆ ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು. ವೀಸಾ ಸಿಗದಿದ್ದರೆ ಶುಲ್ಕ ವಾಪಸ್ ಬರಲ್ಲ. ಹಾಗಾಗಿ ರದ್ದು ಮಾಡಿದರೆ ದುಡ್ಡು ಮರಳುವಂಥ ರೂಮ್ ಬುಕ್ ಮಾಡೋದು ಜಾಣತನ.

ಮಗು ಇದ್ದಾಗ ಮೂರು ವಾರಕ್ಕೆ ಮೂರು ದೇಶ ಸುತ್ತೋದು ಬೇಡ. ಒಂದೇ ಊರಲ್ಲಿ ವಾರಗಟ್ಟಲೆ ಅಡುಗೆಮನೆ ಇರುವ ಮನೆ ಹಿಡಿದರೆ ಹೋಟೆಲ್ ಊಟ, ಓಡಾಟದ ಖರ್ಚು ಎರಡೂ ತಗ್ಗುತ್ತೆ. ಮಗುವಿಗೆ ಅನ್ನ-ಸಾರು ಮಾಡಿ ಹಾಕಬಹುದು.

ಅಂಗಡಿ ಲೆಕ್ಕ ಮರೀಬೇಡಿ

ಬಾಡಿಗೆ, ಕೆಲಸದವರ ಪಗಾರ, ಸಾಲದ ಕಂತು, ಚೀಟಿ ಹಣ ನೀವು ಊರಲ್ಲಿ ಇಲ್ಲದಾಗಲೂ ನಿಲ್ಲಲ್ಲ. ಇದನ್ನೂ ಪ್ರವಾಸದ ಖರ್ಚಿಗೇ ಸೇರಿಸಿ. ಬೀಜ-ಗೊಬ್ಬರದವರಿಗೆ ಮೇ ಕೊನೆ ಅಂದ್ರೆ ಮುಂಗಾರು ಬಿತ್ತನೆ ವ್ಯಾಪಾರ, ಬಟ್ಟೆ ಅಂಗಡಿಗೆ ಏಪ್ರಿಲ್-ಮೇ ಮದುವೆ ಸೀಜನ್. ಶಾಲೆ ರಜೆ ಇದೆ ಅಂತ ಮಾತ್ರ ನೋಡಿ ದಿನ ಗೊತ್ತು ಮಾಡಿದರೆ ಟಿಕೆಟ್‌ಗಿಂತ ದೊಡ್ಡ ನಷ್ಟ ಇಲ್ಲೇ ಆಗಬಹುದು.

ತಿಂಗಳ ಜಿಎಸ್‌ಟಿ ಕಟ್ಟುವವರಿಗೆ ಜಿಎಸ್‌ಟಿಆರ್-1ಕ್ಕೆ 11, 3ಬಿಗೆ 20ನೇ ತಾರೀಖು ಕೊನೆ. ಬ್ಯಾಂಕ್, ಜಿಎಸ್‌ಟಿ ಒಟಿಪಿ ಬರುವ ಸಿಮ್‌ಗೆ ಹೊರಡುವ ಮೊದಲೇ ರೋಮಿಂಗ್ ಹಾಕಿಸಿಕೊಳ್ಳಿ.

ಏಜೆನ್ಸಿಯಿಂದ ವಿದೇಶಿ ಪ್ಯಾಕೇಜ್ ತಗೊಂಡರೆ ಟಿಸಿಎಸ್ ಹಿಡಿಯುತ್ತಾರೆ. 2026ರ ಬಜೆಟ್‌ನಲ್ಲಿ ಇದನ್ನು ಶೇ 2ಕ್ಕೆ ಇಳಿಸಲಾಗಿದೆ. ಪ್ಯಾನ್ ಕೊಟ್ಟಿದ್ದರೆ ರಿಟರ್ನ್ಸ್ ಸಲ್ಲಿಸುವಾಗ ಈ ದುಡ್ಡನ್ನು ನಿಮ್ಮ ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾದದ್ದು ವಾಪಸ್ ಬರುತ್ತೆ.

ಬ್ಯಾಗಿನಲ್ಲಿ ಏನಿದೆ?

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳೋದು ನಮ್ಮ ಕಡೆ ರೂಢಿ. ಆದರೆ ಖಸಖಸಿ ಹಾಕಿದ ಅಂಟಿನ ಉಂಡಿ ಬೇಡ. ದುಬೈ ಇರುವ ಯುಎಇ ಮತ್ತು ಸಿಂಗಾಪುರದಲ್ಲಿ ಖಸಖಸಿ ನಿಷೇಧಿತ ವಸ್ತು, ಕೇಸ್ ಆಗಬಹುದು. ಯುರೋಪಿಯನ್ ಒಕ್ಕೂಟದ ದೇಶಗಳಿಗೆ ಪೇಢೆ, ತುಪ್ಪ ಒಯ್ಯುವಂತಿಲ್ಲ. ಕೂಸಿನ ಹಾಲಿನ ಪುಡಿಗೆ ವಿನಾಯಿತಿ ಇದೆ.

ದುಡ್ಡು ಕೂಡಿಸೋದು ಹೇಗೆ?

ದಿನಕ್ಕೆ ₹500 ಪಿಗ್ಮಿ ಕಟ್ಟಿದರೆ ವರ್ಷಕ್ಕೆ ₹1,82,500 ಅಸಲು ಆಗುತ್ತೆ. ದಿನದ ಖರ್ಚನ್ನು ದಿನಗಳಿಂದ ಗುಣಿಸಿ, ಟಿಕೆಟ್, ವೀಸಾ, ಅಂಗಡಿ ಖರ್ಚು ಕೂಡಿಸಿ. ಮೇಲೆ ಶೇ 15ರಷ್ಟು ಕೈಯಲ್ಲಿಟ್ಟುಕೊಳ್ಳಿ. ಅಷ್ಟಾಗದಿದ್ದರೆ ಸಾಲ ಮಾಡೋ ಬದಲು ದಿನ ಕಡಿಮೆ ಮಾಡಿ.