ಎಂಜಿನ್ನಿನ ಕಿಣಿಕಿಣಿ: ತಪ್ಪು ಯಾರದು?

ತಾಯಲೂರಿನಿಂದ ಮುಳಬಾಗಿಲಿನ ಕಡೆಗೆ ಇಬ್ಬರನ್ನು ಹೊತ್ತು ಹೊರಟ ಹಳೆಯ ಜಾವಾ, ಏರು ಸಿಕ್ಕೊಡನೆ ಕಿಣಿಕಿಣಿಗುಟ್ಟತೊಡಗಿದರೆ ಸವಾರನು ಮೊದಲು ಶಪಿಸುವುದು ಪೆಟ್ರೋಲನ್ನು. ಪಾಪ, ಅನೇಕ ವೇಳೆ ಅದು ನಿರಪರಾಧಿ!

ಕಿಡಿಯ ಜ್ವಾಲೆ ತಲಪುವ ಮುನ್ನವೇ ಉಳಿದ ಅನಿಲವು ಒತ್ತಡ, ಕಾವುಗಳಿಂದ ತಾನಾಗಿ ಸಿಡಿದಾಗ ಈ ಸದ್ದೇಳುತ್ತದೆ. ಹಾಗೆ ಸಿಡಿಯದೆ ತಾಳಿಕೊಳ್ಳುವ ಗುಣದ ಅಳತೆಯೇ ಆಕ್ಟೇನ್. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಆರಂಭವಾದ 1961ರ ಕಾಲದ ಪೆಟ್ರೋಲಿಗಿಂತ, ಶೇಕಡ 20 ಎಥನಾಲ್ ಬೆರೆತ ಇಂದಿನದರ ಆಕ್ಟೇನ್ ಹೆಚ್ಚು. ಆದರೆ ಎಥನಾಲಿನಲ್ಲಿ ಆಮ್ಲಜನಕವಿರುವುದರಿಂದ ಹಳೆಯ ಕಾರ್ಬ್ಯುರೇಟರಿನ ಮಿಶ್ರಣ ತುಸು ತೆಳುವಾಗಿ ಎಂಜಿನ್ ಕಾವೇರುವುದುಂಟು.

ಮೊದಲು ಗೇರು ಇಳಿಸಿ ನೋಡಬೇಕು. ಸದ್ದು ನಿಂತರೆ ಅದು ಭಾರದ ನರಳಾಟವಷ್ಟೆ. ನಿಲ್ಲದಿದ್ದರೆ ಕಿಡಿಯು ಬೇಗ ಹಾರುತ್ತಿದೆಯೇ, ಕಾರ್ಬ್ಯುರೇಟರಿನ ಬುಡದಲ್ಲಿ ಗಾಳಿ ನುಸುಳುತ್ತಿದೆಯೇ, ಸಿಲಿಂಡರಿನ ತಲೆಯೊಳಗೆ ಮಸಿ ಕಟ್ಟಿದೆಯೇ ಎಂದು ಪರೀಕ್ಷಿಸಬೇಕು. ಎಂಜಿನ್ನಿಗೆ ಒಳಿತಾಗಲೆಂದು ಪೆಟ್ರೋಲಿಗೆ ಅಳತೆ ಮೀರಿ ಎಣ್ಣೆ ಬೆರೆಸುವವರೇ ಆ ಮಸಿಯನ್ನು ಬೆಳೆಸುವವರು. ಹೆಚ್ಚಿದ ಎಣ್ಣೆ ಆಕ್ಟೇನನ್ನೂ ತಗ್ಗಿಸುತ್ತದೆ.

ಇವೆಲ್ಲ ಸರಿಯಿದ್ದು, ಒಂದು ಸಲ ಪೆಟ್ರೋಲು ತುಂಬಿಸಿದ ಮೇಲಷ್ಟೇ ಸದ್ದು ಹುಟ್ಟಿದ್ದರೆ ಸೀಮೆಎಣ್ಣೆಯ ಬೆರಕೆಯನ್ನು ಶಂಕಿಸಬಹುದು. ಟ್ಯಾಂಕು ಬರಿದುಮಾಡಿ ಬೇರೆಡೆ ತುಂಬಿಸಿದರೆ ಸತ್ಯ ಹೊರಬೀಳುತ್ತದೆ. ಸದ್ದನ್ನು ಲೆಕ್ಕಿಸದೆ ಓಡಿಸಿದರೆ ಪಿಸ್ಟನ್ನಿನ ನೆತ್ತಿಯಲ್ಲಿ ತೂತು ಬೀಳಬಹುದು; ಆಮೇಲೆ ತಾಯಲೂರಿಗೆ ಗಾಡಿಯನ್ನು ತಳ್ಳಿಕೊಂಡೇ ಮರಳಬೇಕು.