ಚೂರೂ ಉದುರದ ಕೆತ್ತನೆ

ಡಲ್ಲಾಸಿನಲ್ಲಿ ಮಗಳ ಮನೆಯಲ್ಲಿದ್ದಾಗ ಒಂದು ಶನಿವಾರ ಬೆಳಿಗ್ಗೆ ಪಕ್ಕದ ಬೀದಿಯ ಗ್ಯಾರೇಜ್ ಸೇಲಿಗೆ ಹೋಗಿದ್ದೆ. ಹಳೆ ಕುರ್ಚಿ, ಮಕ್ಕಳ ಸೈಕಲ್ಲು, ಕಾಫಿ ಮಗ್ಗುಗಳ ನಡುವೆ ಒಂದು ಸಿಗಾರ್ ಡಬ್ಬಿ. ಒಳಗೆ ಪೆನ್ಸಿಲ್ ದಪ್ಪದ, ನಾಲ್ಕು ಅಂಗುಲ ಉದ್ದದ ಉಕ್ಕಿನ ಕಡ್ಡಿಗಳು, ಸುಮಾರು ಇಪ್ಪತ್ತು. ಒಂದರ ತುದಿ ಇಳಿಜಾರು, ಇನ್ನೊಂದರದು ನೀರಿನ ಹನಿಯಂತೆ, ಮತ್ತೊಂದರಲ್ಲಿ ಸಾಸಿವೆ ಕಾಳಿನಷ್ಟು ಚಿಕ್ಕ ಉಂಗುರ. ಹಲ್ಲಿನ ಡಾಕ್ಟರ ಸಾಮಾನೇ ಎಂದು ಕೇಳಿದೆ. ಮಾರುತ್ತಿದ್ದ ಅಜ್ಜ ನಕ್ಕು, ಅಂಗಿಯ ತುದಿ ಎತ್ತಿ ಸೊಂಟದ ಬೆಲ್ಟ್ ತೋರಿಸಿದರು. ಬೆಲ್ಟಿನುದ್ದಕ್ಕೂ ಗುಲಾಬಿ ಬಳ್ಳಿ ಹಬ್ಬಿತ್ತು.

ಈ ಕಸುಬಿಗೆ ಅಲ್ಲಿ ಲೆದರ್ ಕಾರ್ವಿಂಗ್ ಎನ್ನುತ್ತಾರೆ, ಅಂದರೆ ಚರ್ಮದ ಕೆತ್ತನೆ. ನನ್ನ ಲೆಕ್ಕದಲ್ಲಿ ಹೆಸರೇ ತಪ್ಪು. ಕಲ್ಲನ್ನೋ ಗಂಧದ ಮರವನ್ನೋ ಕೆತ್ತಿದರೆ ಚಕ್ಕೆ ಹಾರುತ್ತದೆ, ಪುಡಿ ಉದುರುತ್ತದೆ. ಇಲ್ಲಿ ಕೆಲಸ ಮುಗಿದ ಮೇಲೆ ಗುಡಿಸಲು ಏನೂ ಇರುವುದಿಲ್ಲ. ಚರ್ಮದ ಮೇಲ್ಮೈಯನ್ನು ಗೆರೆಯಾಗಿ ಸೀಳಿ, ಆ ಸೀಳಿನ ಒಂದು ದಡವನ್ನು ಡಬ್ಬಿಯಲ್ಲಿದ್ದಂಥ ಉಕ್ಕಿನ ಅಚ್ಚಿನಿಂದ ಬಡಿದು ತಗ್ಗಿಸುತ್ತಾರೆ. ಇನ್ನೊಂದು ದಡ ಇದ್ದಲ್ಲೇ ಇರುತ್ತದೆ, ನಮ್ಮ ಕಣ್ಣಿಗೆ ಮಾತ್ರ ಅದು ಮೇಲೆದ್ದಂತೆ ಕಾಣುತ್ತದೆ. ನಮ್ಮ ತೊಗಲುಗೊಂಬೆಯವರು ತೂತು ಕೊರೆದು ಹಿಂದಿನಿಂದ ಬೆಳಕು ಹಾಯಿಸುತ್ತಾರಲ್ಲ, ಇಲ್ಲಿ ಬೆಳಕು ಪಕ್ಕದಿಂದ ಬೀಳಬೇಕು. ಆಗ ತಗ್ಗಿನಲ್ಲಿ ನೆರಳು ಕೂತು ಹೂವು ಅರಳುತ್ತದೆ.

ಸೀಳುವ ಸಾಧನದ ಹೆಸರು ಸ್ವಿವೆಲ್ ನೈಫ್, ತಿರುಗುವ ಚಾಕು. ನೋಡಲು ಚಾಕುವಿನಂತಿಲ್ಲ. ಗಿಡ್ಡನೆಯ ಒಂದು ಉರುಳೆ, ಅದರ ನೆತ್ತಿಯ ಮೇಲೆ ಕುದುರೆ ಜೀನಿನಂತೆ ಬಾಗಿದ ಒಂದು ಪೀಠ, ಕೆಳಗೆ ಸುಮಾರು ಒಂದು ಸೆಂಟಿಮೀಟರ್ ಅಗಲದ ಅಲಗು. ತೋರುಬೆರಳು ಪೀಠದ ಮೇಲೆ ಕೂತು ಕೆಳಕ್ಕೆ ಒತ್ತುತ್ತದೆ. ಹೆಬ್ಬೆರಳು ಮತ್ತು ನಡುಬೆರಳು ಉರುಳೆಯನ್ನು ತಿರುಗಿಸುತ್ತವೆ. ಉರುಳೆ ತಿರುಗಿದರೂ ಪೀಠ ತಿರುಗುವುದಿಲ್ಲ, ಇಡೀ ಯಂತ್ರದ ಗುಟ್ಟು ಇಷ್ಟೇ. ಮಾಮೂಲಿ ಚಾಕುವಿನಲ್ಲಿ ಒಂದು ಸುರುಳಿ ಕೊಯ್ಯಲು ಹೋಗಿ ನೋಡಿ. ಅರ್ಧ ಸುತ್ತಿಗೆ ಮಣಿಕಟ್ಟು ಸೋಲುತ್ತದೆ, ಮೊಣಕೈ ಮೇಲೇಳುತ್ತದೆ, ಗೆರೆ ಮುರಿಯುತ್ತದೆ. ಇಲ್ಲಿ ಒತ್ತುವ ಕೆಲಸ ಒಂದು ಬೆರಳಿಗೆ, ತಿರುಗಿಸುವ ಕೆಲಸ ಎರಡು ಬೆರಳಿಗೆ. ಎರಡನ್ನೂ ಬೇರೆ ಮಾಡಿದ್ದರಿಂದಲೇ ಬಳ್ಳಿಯ ಗೆರೆ ಒಂದೇ ಉಸಿರಿನಲ್ಲಿ ಸಾಗುತ್ತದೆ. ಅಲಗು ಚರ್ಮದ ದಪ್ಪದ ಅರ್ಧದಷ್ಟು ಆಳಕ್ಕೆ ಇಳಿದರೆ ಸಾಕು, ಪಳಗಿದವರು ಅದಕ್ಕಿಂತ ಕಡಿಮೆಗೇ ನಿಲ್ಲಿಸುತ್ತಾರೆ. ಆಗಾಗ ಅಲಗನ್ನು ಚರ್ಮದ ಪಟ್ಟಿಯ ಮೇಲೆ ಎಳೆದು ಮೆರುಗು ಕೊಡುತ್ತಿರಬೇಕು. ಹಳೆಯ ಕ್ಷೌರದಂಗಡಿಯಲ್ಲಿ ಕತ್ತಿ ಎಳೆಯುತ್ತಿದ್ದ ಸದ್ದು ಕೇಳಿದವರಿಗೆ ಇದನ್ನು ಬೇರೆ ಹೇಳಬೇಕಿಲ್ಲ.

ಆದರೆ ಒಣ ಚರ್ಮದ ಮೇಲೆ ಈ ಆಟ ನಡೆಯದು. ಈಗಿನ ಬಹುಪಾಲು ಬೂಟು, ಬ್ಯಾಗುಗಳ ಕ್ರೋಮ್ ಚರ್ಮದ ಮೇಲೂ ನಡೆಯದು, ಬಡಿದ ಗುರುತನ್ನು ಅದು ಉಳಿಸಿಕೊಳ್ಳುವುದಿಲ್ಲ. ತೊಗಟೆಯ ಒಗರಿನಲ್ಲಿ ಹದ ಮಾಡಿದ ಚರ್ಮವೇ ಬೇಕು. ಹಿಂದೆ ಅಮೆರಿಕದಲ್ಲಿ ಅದು ಓಕ್ ಮರದ ತೊಗಟೆ, ದಕ್ಷಿಣ ಭಾರತದಲ್ಲಿ ತಂಗಡಿ ಗಿಡದ್ದು ಆಗಿತ್ತು. ಚರ್ಮವೆಂದರೆ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳ ಸಿಕ್ಕು. ನೀರು ಹೊಕ್ಕರೆ ಎಳೆಗಳು ಸಡಿಲಾಗಿ ಒಂದರ ಮೇಲೊಂದು ಜಾರುತ್ತವೆ, ಬಡಿದಲ್ಲಿ ಒತ್ತೊತ್ತಾಗುತ್ತವೆ. ಆರಿದ ಮೇಲೆ ಹಾಗೆಯೇ ಬಿಗಿದುಕೊಂಡು ನಿಲ್ಲುತ್ತವೆ.

ನೀರು ಎಷ್ಟು ಎಂಬುದೇ ವಿದ್ಯೆ. ಹೆಚ್ಚಾದರೆ ಗುರುತು ಕೆಸರಿನಲ್ಲಿ ಕಾಲಿಟ್ಟಂತೆ ಕಲಸಿಹೋಗುತ್ತದೆ, ಕಡಿಮೆಯಾದರೆ ಅಚ್ಚು ಕೂರುವುದೇ ಇಲ್ಲ. ಒದ್ದೆ ಮಾಡಿ ರಾತ್ರಿಯಿಡೀ ಸುತ್ತಿಟ್ಟು, ಬೆಳಿಗ್ಗೆ ಬಿಚ್ಚಿ, ಮೇಲ್ಮೈ ತನ್ನ ಮೊದಲ ಬಣ್ಣಕ್ಕೆ ಮರಳುವವರೆಗೆ ಕಾಯುತ್ತಾರೆ. ಆಮೇಲೆ ಕೆನ್ನೆಗೆ ಒತ್ತಿ ನೋಡುತ್ತಾರೆ. ನೋಡಲು ಒಣಗಿದಂತಿದ್ದು ಕೆನ್ನೆಗೆ ತಣ್ಣಗಿರಬೇಕು. ಒಳಗಿನ ನೀರು ಆವಿಯಾಗುತ್ತ ಮಡಕೆಯನ್ನು ತಣ್ಣಗಿಡುವ ಹಾಗೆಯೇ ಇದೂ. ಇಂಗ್ಲಿಷಿನವರು ತೊಗಲು ಹದ ಮಾಡುವುದಕ್ಕೆ ಒಂದು ಪದ, ಈ ನೀರಿನ ಅಳತೆಗೆ ಇನ್ನೊಂದು ಪದ ಇಟ್ಟುಕೊಂಡಿದ್ದಾರೆ. ನಮಗೆ ತೊಗಲಿಗೂ ಮಣ್ಣಿಗೂ ಬೆಲ್ಲದ ಪಾಕಕ್ಕೂ ಹದ ಎಂಬ ಒಂದೇ ಮಾತು ಸಾಕಾಗಿದೆ.

ಈ ವಿದ್ಯೆ ಸ್ಪೇನಿನಿಂದ ಮೆಕ್ಸಿಕೋಗೆ, ಅಲ್ಲಿಂದ ದನಗಾಹಿಗಳ ಜೀನಿನ ಮೇಲೆ ಕೂತು ಟೆಕ್ಸಸ್, ಕ್ಯಾಲಿಫೋರ್ನಿಯಾಗಳಿಗೆ ಬಂತು. ಜೀನು ಹೊಲಿಯುವವರಿಗೆ ಅಚ್ಚು ಮಾರುವ ಅಂಗಡಿ ಹತ್ತಿರದಲ್ಲಿ ಇರುತ್ತಿರಲಿಲ್ಲ. ದಪ್ಪ ಮೊಳೆಯನ್ನೋ ಬೋಲ್ಟನ್ನೋ ಅರದಿಂದ ಉಜ್ಜಿ ತಮಗೆ ಬೇಕಾದ ತುದಿ ತಾವೇ ಮಾಡಿಕೊಳ್ಳುತ್ತಿದ್ದರು. ಅಂಥ ಮೊಳೆಗಳು ಇಂದಿಗೂ ಹಳೆ ಡಬ್ಬಿಗಳಲ್ಲಿ ಸಿಗುತ್ತವೆ. ಹೆಸರಿಲ್ಲ, ಅಂಕಿಯಿಲ್ಲ, ಮೈಯೆಲ್ಲ ಅರದ ಗೀರು.

ಅಂಕಿ ಬಂದದ್ದು ಕಾರ್ಖಾನೆಯ ಜೊತೆಗೆ, ಕಾರ್ಖಾನೆಗೆ ಗಿರಾಕಿ ಬಂದದ್ದು ಯುದ್ಧದಿಂದ. 1919ರಲ್ಲಿ ಫೋರ್ಟ್ ವರ್ತ್ ಊರಿನಲ್ಲಿ ನಾರ್ಟನ್ ಹಿಂಕ್ಲಿ ಮತ್ತು ಡೇವ್ ಟ್ಯಾಂಡಿ ಎಂಬಿಬ್ಬರು ಪಾಲುದಾರಿಕೆಯಲ್ಲಿ ಬೂಟಿನ ಚರ್ಮದ ವ್ಯಾಪಾರ ಶುರು ಮಾಡಿದರು. ಎರಡನೆಯ ಮಹಾಯುದ್ಧದಲ್ಲಿ, 1943ರಲ್ಲಿ, ಅಮೆರಿಕದಲ್ಲಿ ಬೂಟಿಗೂ ರೇಷನ್ ಬಂತು. ಅದೇ ಹೊತ್ತಿಗೆ ಸೇನಾ ಆಸ್ಪತ್ರೆಗಳಲ್ಲಿ ಗಾಯಾಳುಗಳ ಕೈಗೆ ಚರ್ಮ, ಅಚ್ಚು, ಕೊಡತಿ ಕೊಟ್ಟು ಬೆರಳುಗಳನ್ನೂ ಮನಸ್ಸನ್ನೂ ಪಳಗಿಸುತ್ತಿದ್ದರು. ನೌಕಾಪಡೆಯಲ್ಲಿದ್ದ ಡೇವ್ ಅವರ ಮಗ ಚಾರ್ಲ್ಸ್ ಟ್ಯಾಂಡಿ ಇದನ್ನು ಕಂಡು, ಯುದ್ಧ ಮುಗಿದ ಮೇಲೆ ಅಂಗಡಿಯ ದಿಕ್ಕನ್ನೇ ಹವ್ಯಾಸಿಗಳ ಕಡೆಗೆ ತಿರುಗಿಸಿದರು. 1952ರಲ್ಲಿ ಆಲ್ ಸ್ಟೋಲ್ಮನ್ ಅವರು ಚರ್ಮ ಕೆತ್ತುವುದು ಹೇಗೆಂದು ಹೇಳಿಕೊಡುವ ಪುಸ್ತಕ ತಂದರು. ಹುಡುಗರು, ನಿವೃತ್ತರು, ಗೃಹಿಣಿಯರು ಎಲ್ಲರೂ ಪರ್ಸು ಬೆಲ್ಟು ಬಡಿಯತೊಡಗಿದರು. ನನಗೆ ಸಿಕ್ಕ ಡಬ್ಬಿ ಆ ಕಾಲದ್ದು. ಚಾರ್ಲ್ಸ್ ಅಷ್ಟಕ್ಕೇ ನಿಲ್ಲಲಿಲ್ಲ. ಅವರ ಕಂಪನಿ 1963ರಲ್ಲಿ ನಷ್ಟದಲ್ಲಿದ್ದ ರೇಡಿಯೋಶ್ಯಾಕ್ ಎಂಬ ಅಂಗಡಿಸಾಲನ್ನು ಕೊಂಡು, 1977ರಲ್ಲಿ ಟಿಆರ್‌ಎಸ್-80 ಎಂಬ ಮನೆಬಳಕೆಯ ಕಂಪ್ಯೂಟರ್ ಮಾರಿತು. ಆ ಹೆಸರಿನ ಟಿ ಅಕ್ಷರ ಟ್ಯಾಂಡಿಯದು. ಅದಕ್ಕೂ ಮೊದಲೇ ಚರ್ಮದ ವ್ಯಾಪಾರ ಬೇರೆ ಕಂಪನಿಯಾಗಿತ್ತು. ರೇಡಿಯೋಶ್ಯಾಕ್ 2015ರಲ್ಲಿ ದಿವಾಳಿ ಅರ್ಜಿ ಹಾಕಿತು, ಟ್ಯಾಂಡಿ ಹೆಸರಿನ ಚರ್ಮದಂಗಡಿಗಳು ಮಾತ್ರ ಇನ್ನೂ ಅಚ್ಚು ಮಾರುತ್ತಿವೆ.

ಇತ್ತ ವಯೋಮಿಂಗ್ ರಾಜ್ಯದ ಶೆರಿಡನ್ ಎಂಬ ಪುಟ್ಟ ಊರಿನಲ್ಲಿ ಡಾನ್ ಕಿಂಗ್ ಎಂಬ ಜೀನುಗಾರರು ಕಾಡುಗುಲಾಬಿಯನ್ನು ಸುತ್ತು ಸುತ್ತಾಗಿ ಹೆಣೆದು ಒಂದು ಶೈಲಿಯನ್ನೇ ಬೆಳೆಸಿದರು. ಅಜ್ಜನ ಬೆಲ್ಟಿನ ಮೇಲೆ ನಾನು ಕಂಡದ್ದು ಅದರ ವಂಶವೇ. ಬಳ್ಳಿಯ ದಂಟುಗಳು ಅಷ್ಟು ಒತ್ತಾಗಿ ಸುತ್ತಿಕೊಂಡರೆ ಸಂದುಗಳು ಕಿರಿದಾಗುತ್ತವೆ, ಅವುಗಳಲ್ಲಿ ಆಡಲು ಇನ್ನೂ ಸಣ್ಣ, ಇನ್ನೂ ಚೊಕ್ಕ ಅಚ್ಚು ಬೇಕಾಗುತ್ತದೆ. 1991ರಲ್ಲಿ ಅಮೆರಿಕ ಸರ್ಕಾರದ ರಾಷ್ಟ್ರೀಯ ಪರಂಪರಾ ಗೌರವ ಕಿಂಗ್ ಅವರಿಗೆ ಸಂದಿತು.

ಸಂಗ್ರಾಹಕರ ಲೆಕ್ಕವೇ ಬೇರೆ. ಟ್ಯಾಂಡಿಯವರು ಮಾರಿದ ಕ್ರಾಫ್ಟೂಲ್ ಅಚ್ಚುಗಳಲ್ಲಿ ಅಂಕಿಗೆ ಮೊದಲು ಒಂದು ಅಕ್ಷರ ಇರುತ್ತದೆ. ಎ ಎಂದರೆ ಹಿನ್ನೆಲೆ ತಗ್ಗಿಸುವುದು, ಬಿ ಎಂದರೆ ದಡ ಇಳಿಸುವುದು, ವಿ ಎಂದರೆ ಎಲೆಯ ನರ. ಅಕ್ಷರವಿಲ್ಲದೆ ಬರೀ ಅಂಕಿ ಇದ್ದರೆ ಅದು ಮೊದಲ ಕಾಲದ್ದು, ಅದಕ್ಕೆ ಬೆಲೆ ಹೆಚ್ಚು. ನನಗೆ ಈ ಅಂಕಿಯ ವ್ಯಾಮೋಹ ಅಷ್ಟಾಗಿ ಹಿಡಿಸುವುದಿಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಸಾಲಾಗಿ ಮಲಗಿರುವ ಅಚ್ಚು, ಶ್ರುತಿ ಮಾಡದ ವೀಣೆಯಂತೆ. ಬೆಲೆ ಇರುವುದು ಮುಖದ ಗೆರೆಗಳ ಚೂಪಿನಲ್ಲಿ. ನೆತ್ತಿಯನ್ನೂ ನೋಡಬೇಕು. ಅಣಬೆಯಂತೆ ಅರಳಿದ್ದರೆ ಯಾರೋ ಕಬ್ಬಿಣದ ಸುತ್ತಿಗೆಯಲ್ಲಿ ಬಡಿದಿದ್ದಾರೆ ಎಂದರ್ಥ. ಬಳಸಬೇಕಾದ್ದು ಮರದ ಇಲ್ಲವೇ ಹಸಿತೊಗಲು ಸುತ್ತಿದ ಕೊಡತಿ.

ತುಕ್ಕು ಹಿಡಿದ ಅಚ್ಚು ಇನ್ನೊಂದು ತೊಂದರೆ ತರುತ್ತದೆ. ಅಳಲೆಕಾಯಿಯ ಒಗರಿಗೆ ಕಬ್ಬಿಣ ಬೆರೆಸಿ ಹಿಂದಿನವರು ಶಾಯಿ ಮಾಡುತ್ತಿದ್ದರಲ್ಲ, ಒದ್ದೆ ಚರ್ಮದ ಮೇಲೂ ಅದೇ ರಸಾಯನ ನಡೆಯುತ್ತದೆ. ತೊಗಟೆಯ ಟ್ಯಾನಿನ್ನಿಗೆ ಕಬ್ಬಿಣ ತಾಗಿದಲ್ಲಿ ನೀಲಿಗಪ್ಪು ಕಲೆ ಬೀಳುತ್ತದೆ, ಸುಲಭಕ್ಕೆ ಹೋಗುವುದಿಲ್ಲ. ಕಾರ್ಖಾನೆಯ ಅಚ್ಚುಗಳ ಮೇಲಿನ ಹೊಳೆಯುವ ಲೇಪ ಬರೀ ಚಂದಕ್ಕಲ್ಲ.

ಮಕ್ಕಳನ್ನು ನೋಡಲು ಆ ಕಡೆ ಹೋದಾಗ ನಿಮಗೂ ಇಂಥದೊಂದು ಡಬ್ಬಿ ಸಿಕ್ಕೀತು. ಚೌಕಾಸಿ ಮಾಡಿ ಕೊಳ್ಳಿ. ಮನೆಗೆ ತಂದು ಎಣ್ಣೆ ಸವರಿ, ಒಂದು ದಿನ ಬಿಟ್ಟು ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಹದವಾದ ಚರ್ಮದ ತುಂಡಿನ ಮೇಲೆ ಒಮ್ಮೆ ಬಡಿದು, ಗುರುತನ್ನು ಭೂತಗನ್ನಡಿಯಲ್ಲಿ ನೋಡಿ. ಅಚ್ಚಿನ ಮುಖಕ್ಕೆ ಮರಳು ಕಾಗದ ಮಾತ್ರ ಮುಟ್ಟಿಸಬೇಡಿ.