ಜಾಲತಾಣದ ಅರ್ಜಿಯೂ ಅದರ ಸಹಾಯಕ ಲೈಬ್ರರಿಗಳೂ

ಅರ್ಜಿಯಿಲ್ಲದೆ ಇಂದು ಯಾವ ಬಾಗಿಲೂ ತೆರೆಯದು. ಕಾಲೇಜಿನ ಪ್ರವೇಶ, ವಿದ್ಯಾರ್ಥಿವೇತನ, ಪರೀಕ್ಷೆ, ಉದ್ಯೋಗ—ಎಲ್ಲಕ್ಕೂ ಮೊದಲು ಒಂದು ಫಾರಮನ್ನು ತುಂಬಬೇಕು. ಹಿಂದೆ ಈ ಫಾರಮು ಮುದ್ರಣಾಲಯದಿಂದ ಬರುತ್ತಿತ್ತು. ಈಗ ಅದು ಬಹುಮಟ್ಟಿಗೆ ಜಾಲತಾಣದ ಪುಟವಾಗಿದೆ. ಅದನ್ನು ತುಂಬುವವರು ನಾವೆಲ್ಲರೂ. ಅದು ಹೇಗೆ ಸಿದ್ಧವಾಗುತ್ತದೆಂದು ವಿಚಾರಿಸಿದವರು ವಿರಳ. ಆ ವಿಷಯವನ್ನು ಸಂಕ್ಷೇಪವಾಗಿ ತಿಳಿಸುವುದೇ ಈ ಲೇಖನದ ಉದ್ದೇಶ.

ಜಾಲಪುಟಗಳನ್ನು ಎಚ್.ಟಿ.ಎಂ.ಎಲ್. ಎಂಬ ಗುರುತುಭಾಷೆಯಲ್ಲಿ ಬರೆಯುತ್ತಾರೆ. ೧೯೯೫ರಲ್ಲಿ ಪ್ರಕಟವಾದ ಅದರ ಎರಡನೆಯ ಆವೃತ್ತಿಯಲ್ಲಿಯೇ ಫಾರಮಿಗೆ ಬೇಕಾದ ಗುರುತುಗಳಿದ್ದವು. ಆದರೆ ಚೌಕವನ್ನು ಬರೆದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಬಂದ ಉತ್ತರವು ಸರಿಯೆ, ತಪ್ಪೆ ಎಂದು ಪರೀಕ್ಷಿಸಬೇಕು. ತಪ್ಪಿದ್ದರೆ ಅದೇ ಫಾರಮನ್ನು ಮರಳಿ ತೋರಿಸಬೇಕು. ಅರ್ಜಿದಾರನು ಆಗಲೇ ಬರೆದುದನ್ನು ಅಳಿಸದೆ ಉಳಿಸಬೇಕು. ತಪ್ಪು ಯಾವುದೆಂದು ಆ ಚೌಕದ ಬಳಿಯಲ್ಲಿಯೇ ಹೇಳಬೇಕು. ಇಪ್ಪತ್ತು ಚೌಕಗಳ ಅರ್ಜಿಯಲ್ಲಿ ಇದನ್ನೆಲ್ಲ ಇಪ್ಪತ್ತು ಸಲ ಬರೆಯಬೇಕು. ಬೇಸರ ಬಂದಲ್ಲಿ ತಪ್ಪು ನುಸುಳುವುದು ಸಹಜವಷ್ಟೆ.

ಈ ಬೇಸರವನ್ನು ಕಳೆಯಲು ಹುಟ್ಟಿದವೇ ಸಹಾಯಕ ಲೈಬ್ರರಿಗಳು. ಇಲ್ಲಿ ಲೈಬ್ರರಿಯೆಂದರೆ ಪುಸ್ತಕಭಂಡಾರವಲ್ಲ. ಕೆಲವರು ಬರೆದು ಪರೀಕ್ಷಿಸಿಟ್ಟಿರುವ, ಇತರರು ಎತ್ತಿಕೊಂಡು ಬಳಸಬಹುದಾದ ಪ್ರೋಗ್ರಾಂ ತುಣುಕುಗಳ ಕಣಜ. ಉದಾಹರಣೆಗೆ ಜಾಂಗೊ ಎಂಬುದನ್ನು ನೋಡೋಣ. ಇದು ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಎಂಬ ಊರಿನ ಪತ್ರಿಕಾ ಕಛೇರಿಯೊಂದರಲ್ಲಿ ಹುಟ್ಟಿ, ೨೦೦೫ರಲ್ಲಿ ಎಲ್ಲರಿಗೂ ಉಚಿತವಾಗಿ ದೊರೆಯಿತು. ಇದರ ಫಾರಂ ವಿಭಾಗದಲ್ಲಿ, “ಹೆಸರು: ಅಕ್ಷರಗಳು, ನೂರನ್ನು ಮೀರಬಾರದು; ಜನ್ಮದಿನ: ತಾರೀಖು” ಎಂಬರ್ಥದ ಒಂದೊಂದು ಸಾಲನ್ನು ಬರೆದರೆ, ಚೌಕ, ಅದರ ಶೀರ್ಷಿಕೆ, ಪರೀಕ್ಷೆ, ತಪ್ಪಿನ ಸೂಚನೆ ಎಲ್ಲವೂ ಆ ಸಾಲಿನಿಂದಲೇ ಹೊರಡುತ್ತವೆ. ನಮ್ಮ ಬ್ರೌಸರಿನಲ್ಲಿ ನಡೆಯುವ ಪರೀಕ್ಷೆಯನ್ನು ತಪ್ಪಿಸಿಕೊಳ್ಳುವುದು ಸುಲಭ; ಆದುದರಿಂದ ಅದು ಸರ್ವರಿನಲ್ಲಿ ಮತ್ತೊಮ್ಮೆ ಪರೀಕ್ಷಿಸುತ್ತದೆ. ಬೇರೆ ತಾಣದವರು ನಮ್ಮ ಹೆಸರಿನಲ್ಲಿ ಕಳ್ಳ ಅರ್ಜಿ ಕಳುಹಿಸದಂತೆ ಫಾರಮಿನೊಳಗೆ ಗುಪ್ತ ಮುದ್ರೆಯೊಂದನ್ನಿಡುವ ಏರ್ಪಾಡೂ ಅದರಲ್ಲಿದೆ.

ಮೆನುವಿನ ಮಾತೂ ಇಂತಹುದೇ. ಹೋಟೆಲಿನ ಗೋಡೆಯ ಮೇಲಿನ ತಿಂಡಿಯ ಪಟ್ಟಿಯಂತೆ, ತಾಣದಲ್ಲಿ ಏನೇನಿದೆಯೆಂದು ತಿಳಿಸುವುದು ಮೆನು. ನೂರು ಪುಟಗಳಲ್ಲಿ ಅದನ್ನು ಕೈಯಾರೆ ಬರೆದಿದ್ದರೆ, ಹೊಸದೊಂದು ವಿಭಾಗ ಸೇರಿದಾಗ ನೂರು ಕಡೆ ತಿದ್ದಬೇಕಾಗುತ್ತದೆ. ರೂಬಿ ಭಾಷೆಯವರ ಸಿಂಪಲ್ ನ್ಯಾವಿಗೇಷನ್ ಎಂಬ ಲೈಬ್ರರಿಯಲ್ಲಿ ಪಟ್ಟಿಯನ್ನು ಒಂದೇ ಕಡೆ ಬರೆದಿಡುತ್ತಾರೆ. ಅದು ಪುಟಪುಟದಲ್ಲಿಯೂ ಮೆನುವನ್ನು ಮೂಡಿಸಿ, ಓದುಗನು ಈಗ ಯಾವ ಪುಟದಲ್ಲಿದ್ದಾನೆಂಬುದನ್ನೂ ಗುರುತಿಸುತ್ತದೆ. ಹೊಸ ಊರಿನ ನಕ್ಷೆಯಲ್ಲಿ “ನೀವು ಇಲ್ಲಿದ್ದೀರಿ” ಎಂದು ಬರೆದಂತೆ.

ಇಷ್ಟು ಹೊಗಳಿದ ಮೇಲೆ ಒಂದು ಎಚ್ಚರಿಕೆಯನ್ನೂ ಹೇಳಲೇಬೇಕು. ಲೈಬ್ರರಿಯು ಪ್ರಶ್ನೆಯನ್ನು ಅಂದವಾಗಿ ಕೇಳಬಲ್ಲದು. ಯಾವ ಪ್ರಶ್ನೆಯನ್ನು ಕೇಳಬೇಕೆಂಬುದನ್ನು ಅರಿಯದು. ಜಾಂಗೊವಿನಲ್ಲಿ ಬೇರೆ ಸೂಚನೆಯಿಲ್ಲದಿದ್ದರೆ ಫಾರಮಿನ ಪ್ರತಿಯೊಂದು ಚೌಕವೂ ಕಡ್ಡಾಯವೆಂದೇ ಎಣಿಕೆ. “ಇದನ್ನು ಖಾಲಿ ಬಿಡಬಹುದು” ಎಂಬುದನ್ನು ರಚಿಸುವವನೇ ನೆನಪಿಟ್ಟು ಬರೆಯಬೇಕು.

ನನಗಿರುವುದು ಒಂದೇ ಹೆಸರು. ಜೊತೆಗೆ ತಂದೆಯವರ ಹೆಸರಿನ ಮೊದಲಕ್ಷರ. ನಮ್ಮ ನಾಡಿನಲ್ಲಿ ಇಂತಹವರು ಅಸಂಖ್ಯ. ನಾನು ತುಂಬಿದ ಒಂದು ವಿದ್ಯಾರ್ಥಿವೇತನದ ಅರ್ಜಿಯಲ್ಲಿ ಮನೆತನದ ಹೆಸರಿನ ಚೌಕ ಕಡ್ಡಾಯವಾಗಿತ್ತು. ಖಾಲಿ ಬಿಟ್ಟರೆ ಮುಂದೆ ಸಾಗದು. ಒಂದಕ್ಷರ ಬರೆದರೆ ಸಾಲದು. ಮನೆಯಲ್ಲಿ ಕೇಳೋಣವೆಂದರೆ ಇಂತಹ ಅರ್ಜಿಯನ್ನು ಕಂಡವರು ಯಾರೂ ಇಲ್ಲ. ಕೊನೆಗೆ ತಂದೆಯವರ ಪೂರ್ಣ ಹೆಸರನ್ನೇ ಬರೆದೆ. ಅಂಕಪಟ್ಟಿಯ ಹೆಸರಿಗೂ ಅರ್ಜಿಯ ಹೆಸರಿಗೂ ಹೊಂದಿಕೆಯಿಲ್ಲವೆಂದು ಅರ್ಜಿ ತಿರಸ್ಕೃತವಾಯಿತು. ಯಂತ್ರವು ಹೇಳಿದ್ದನ್ನಷ್ಟೇ ಮಾಡಿತು. ಒಂದೇ ಹೆಸರಿನವರೂ ಜಗತ್ತಿನಲ್ಲಿದ್ದಾರೆಂದು ಅದಕ್ಕೆ ಯಾರೂ ಹೇಳಿರಲಿಲ್ಲ. ಜಾಲದ ಮಾನದಂಡಗಳನ್ನು ರೂಪಿಸುವ ವರ್ಲ್ಡ್ ವೈಡ್ ವೆಬ್ ಕನ್ಸಾರ್ಷಿಯಂ ಸಂಸ್ಥೆಯು, ಸಾಧ್ಯವಾದಲ್ಲಿ ಪೂರ್ಣ ಹೆಸರಿಗೆ ಒಂದೇ ಚೌಕವಿಡುವುದು ಲೇಸೆಂದು ಸಲಹೆ ಕೊಟ್ಟಿದೆ.

ನಮ್ಮ ಸಹಪಾಠಿಗಳಲ್ಲಿ ಕೆಲವರು ನಾಳೆ ಇಂತಹ ಫಾರಮುಗಳನ್ನು ರಚಿಸುವ, ಇಲ್ಲವೆ ರಚಿಸಿರೆಂದು ಹೇಳುವ ಸ್ಥಾನಕ್ಕೆ ಬರಬಹುದು. ಆಗ ಲೈಬ್ರರಿಯ ನೆರವನ್ನು ಧಾರಾಳವಾಗಿ ಪಡೆಯಲಿ. ಆದರೆ ಒಂದೊಂದು ಚೌಕದ ಮುಂದೆಯೂ ಕ್ಷಣಕಾಲ ನಿಂತು, ಇದಕ್ಕೆ ಉತ್ತರವಿಲ್ಲದವರೂ ಇರಬಹುದೆ ಎಂದು ಕೇಳಿಕೊಳ್ಳಲಿ. ಬರೆದ ಒಂದು ಸಾಲಿನಿಂದ ಸಾವಿರ ಜನರ ಕೆಲಸ ಹಗುರವಾಗುವುದು ಹೇಗೋ, ಮರೆತ ಒಂದು ಸಾಲಿನಿಂದ ಸಾವಿರ ಜನರು ಬಾಗಿಲ ಹೊರಗೆ ನಿಲ್ಲುವುದೂ ಹಾಗೆಯೇ.

—ಅಂತಿಮ ಬಿ.ಎ.